ಮಗ್ ಮೇಲಿನ ಯುದ್ಧಚಿತ್ರಕ್ಕೆ ಒಂದು ಸಾಲಿನ ವಿವರಣೆ

ಕೃಷ್ಣರಾಜಪುರ, ಇಂದಿರಾನಗರ, ಹಲಸೂರು, ಶಿವಾಜಿನಗರಗಳಲ್ಲಿ ಮಗ್ ಮುದ್ರಿಸಿಕೊಡುವ ಅಂಗಡಿಗಳ ಮಾಲೀಕರಿಗೂ ಕೆಲಸಗಾರರಿಗೂ ಬರೆದ ಬಹಿರಂಗ ಪತ್ರ



ಪಿಂಗಾಣಿ ಮಗ್‌ಗಳ ಮೇಲೆ ಗಿರಾಕಿ ಕೊಟ್ಟ ಚಿತ್ರವನ್ನು ಮುದ್ರಿಸಿಕೊಡುವ ಕೆಲಸವು ಬೆಂಗಳೂರಿನ ಪೂರ್ವಭಾಗದಲ್ಲಿ ಈಗ ನೆಲೆಗೊಂಡ ಸಣ್ಣ ಉದ್ಯಮವಾಗಿದ್ದು, ಮಕ್ಕಳ ಹುಟ್ಟುಹಬ್ಬದ ಫೋಟೊದಿಂದ ಹಿಡಿದು ವೈಟ್‌ಫೀಲ್ಡ್ ಕಡೆಯ ಕಂಪನಿಗಳು ಹೊಸ ನೌಕರರಿಗೆ ಕೊಡುವ ಲಾಂಛನದವರೆಗೆ ಎಲ್ಲವೂ ತಮ್ಮ ಯಂತ್ರಗಳ ಮೂಲಕವೇ ಹಾದುಹೋಗುತ್ತವೆ. ಜುಲೈ 26ರ ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 16ರ ವಿಜಯ ದಿನ, ಶಾಲೆಗಳ ಬಹುಮಾನ ವಿತರಣೆ, ನಿವೃತ್ತ ಸೈನಿಕರ ಬೀಳ್ಕೊಡುಗೆ ಮುಂತಾದ ಸಂದರ್ಭಗಳಲ್ಲಿ ಇದೇ ಯಂತ್ರಗಳಿಂದ ಯುದ್ಧಕಾಲದ ಐತಿಹಾಸಿಕ ಛಾಯಾಚಿತ್ರಗಳನ್ನು ಹೊತ್ತ ಮಗ್‌ಗಳೂ ಹೊರಬರುತ್ತವೆ. ಈ ಪತ್ರದ ವಿಷಯ ಅಂಥ ಮಗ್‌ಗಳು ಮಾತ್ರ. ಅವುಗಳನ್ನು ಮುದ್ರಿಸಬಾರದೆಂದು ಕೇಳುವುದು ಇದರ ಉದ್ದೇಶವಲ್ಲ. ಚಿತ್ರ ಎಲ್ಲಿಯದು, ಯಾವಾಗಿನದು, ಅದರಲ್ಲಿರುವವರು ಯಾರು, ಅದು ಎಲ್ಲಿಂದ ದೊರೆಯಿತು ಎಂಬುದನ್ನು ತಿಳಿಸುವ ಒಂದು ಸಾಲನ್ನು ಚಿತ್ರದ ಜೊತೆಗೇ ಮುದ್ರಿಸಬೇಕೆಂಬುದು ಇದರ ಮುಖ್ಯ ಕೋರಿಕೆ.

ಮುದ್ರಣದ ಕ್ರಮವನ್ನು ತಾವು ಬಲ್ಲಿರಿ. ಇತರ ಓದುಗರಿಗಾಗಿ ಅದನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ಮಗ್‌ನ ಹೊರಮೈಗೆ ಮೊದಲೇ ಪಾಲಿಯೆಸ್ಟರ್ ಜಾತಿಯ ತೆಳುವಾದ ಲೇಪನ ಕೊಟ್ಟಿರುತ್ತಾರೆ. ಚಿತ್ರವನ್ನು ವಿಶೇಷ ಶಾಯಿಯಲ್ಲಿ ಎಡಬಲ ತಿರುಗಿಸಿ ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಶಾಖ ತಡೆಯುವ ಟೇಪಿನಿಂದ ಮಗ್‌ಗೆ ಸುತ್ತಿ, ಮಗ್ ಪ್ರೆಸ್‌ನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ನಿಮಿಷ ಒತ್ತಿ ಹಿಡಿದಾಗ, ಶಾಯಿಯು ಕರ್ಪೂರದಂತೆ ದ್ರವವಾಗದೆಯೇ ಆವಿಯಾಗಿ ಲೇಪನದೊಳಗೆ ಇಳಿದು ನಿಲ್ಲುತ್ತದೆ. ಸಬ್ಲಿಮೇಷನ್ ಎಂದು ಕರೆಯುವ ಈ ವಿಧಾನಕ್ಕಿಂತ ಹಳೆಯದು ಡೆಕಾಲ್ ವಿಧಾನ. ಅದರಲ್ಲಿ ಖನಿಜ ಬಣ್ಣದ ಚಿತ್ರವನ್ನು ಮಗ್‌ಗೆ ಅಂಟಿಸಿ ಗೂಡಿನಲ್ಲಿ ಸುಮಾರು 800 ಡಿಗ್ರಿಯಲ್ಲಿ ಮತ್ತೆ ಸುಡುವುದರಿಂದ ಚಿತ್ರವು ಪಿಂಗಾಣಿಯ ಹೊಳಪಿನ ಪದರದಲ್ಲಿಯೇ ಬೆರೆತುಹೋಗುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿರುವ 11 ಔನ್ಸಿನ, ಅಂದರೆ ಸುಮಾರು 325 ಮಿಲಿಲೀಟರ್ ಹಿಡಿಯುವ ಮಗ್‌ನಲ್ಲಿ ಚಿತ್ರಕ್ಕೆ ದೊರೆಯುವ ಜಾಗವು ಸುಮಾರು 20 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಎತ್ತರದ ಪಟ್ಟಿ. ಈ ಅಳತೆಯೂ ಕಾಗದದ ಮೇಲಿನ ಆ ಎಡಬಲ ತಿರುವೂ ಇತಿಹಾಸದ ಚಿತ್ರಗಳಿಗೆ ಏನು ಮಾಡುತ್ತವೆ ಎಂಬುದು ಮುಂದೆ ಬರುತ್ತದೆ.

ಹಳೆಯ ಛಾಯಾಚಿತ್ರಕ್ಕೆ ಒಂದು ಹಿಂಬದಿ ಇತ್ತು. ಬೆಂಗಳೂರು ದಂಡಿನ ಸ್ಟುಡಿಯೋಗಳಲ್ಲಿ ಸಮವಸ್ತ್ರ ತೊಟ್ಟು ನಿಂತು ಚಿತ್ರ ತೆಗೆಸಿಕೊಂಡ ಸೈನಿಕನ ಮನೆಯವರಿಗೆ ಸಿಗುತ್ತಿದ್ದ ದಪ್ಪ ರಟ್ಟಿನ ಮೇಲೆ ಸ್ಟುಡಿಯೋದ ಹೆಸರೂ ಊರೂ ಅಚ್ಚಾಗಿರುತ್ತಿದ್ದವು. ಅದರ ಹಿಂಬದಿಯಲ್ಲಿ ಮನೆಯ ಹಿರಿಯರೊಬ್ಬರು ಹೆಸರು, ರೆಜಿಮೆಂಟು, ಇಸವಿಗಳನ್ನು ಶಾಯಿಯಲ್ಲಿ ಬರೆದಿಡುತ್ತಿದ್ದರು. ಯುದ್ಧಭೂಮಿಯಲ್ಲಿ ಸರ್ಕಾರದ ಛಾಯಾಗ್ರಾಹಕರು ತೆಗೆದ ಚಿತ್ರಗಳಿಗೂ ಕ್ರಮಸಂಖ್ಯೆ, ದಿನಾಂಕ, ವಿವರಣೆಗಳಿದ್ದವು. ಗಿರಾಕಿಯು ಮೊಬೈಲಿನಲ್ಲಿ ಚಿತ್ರವನ್ನು ತಂದು ಅಂಗಡಿಯಲ್ಲಿ ತೋರಿಸುವ ಹೊತ್ತಿಗೆ ಈ ಹಿಂಬದಿ ಕಳೆದುಹೋಗಿರುತ್ತದೆ, ಮಗ್‌ಗಂತೂ ಹಿಂಬದಿಯೆಂಬುದೇ ಇಲ್ಲ. ಹೀಗೆ ದಾಖಲೆಯಾಗಿ ಹುಟ್ಟಿದ ವಸ್ತುವೊಂದು ಕೊನೆಗೆ ಅಲಂಕಾರವಾಗಿ ಉಳಿಯುತ್ತದೆ.

ಇದಕ್ಕೆ ಬೆಂಗಳೂರಿಗೆ ಅತ್ಯಂತ ಹತ್ತಿರದ ಉದಾಹರಣೆಯೆಂದರೆ ಹೈಫಾದ ಚಿತ್ರ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲಿಯೇ ಈಜಿಪ್ಟಿಗೆ ಹೊರಟು, ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಪಡೆಗಳೊಂದಿಗೆ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ ಸೇವೆ ಸಲ್ಲಿಸಿತು. ಇಂಪೀರಿಯಲ್ ಸರ್ವಿಸ್ ಪಡೆಗಳೆಂದರೆ ದೇಶೀಯ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಯುದ್ಧಕಾಲದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸಹಾಯಕ್ಕೆ ಒದಗಿಸುತ್ತಿದ್ದ ಸೈನ್ಯಗಳು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೀನಿನ ಹೈಫಾ ಬಂದರನ್ನು ಒಟ್ಟೋಮನ್ ತುರ್ಕಿಯ ಸೈನ್ಯದಿಂದ ಬಿಡಿಸಿಕೊಂಡಾಗ, ಊರಿನ ಮೇಲೆ ನೇರವಾಗಿ ನುಗ್ಗಿದ್ದು ಜೋಧಪುರದ ಪಡೆ. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನು ಹಿಡಿದು ಆ ನುಗ್ಗಾಟಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಮೈಸೂರಿನ ಸವಾರರು ಮುಖ್ಯರು. ಆ ದಿನ ಬ್ರಿಗೇಡಿನ 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು, 60 ಕುದುರೆಗಳು ಸತ್ತವು. ಸೆರೆಸಿಕ್ಕ ಶತ್ರುಗಳ ಸಂಖ್ಯೆ 1,350. ಸತ್ತವರಲ್ಲಿ ಜೋಧಪುರದ ಮೇಜರ್ ದಳಪತ್ ಸಿಂಗ್ ಕೂಡ ಇದ್ದರು. ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ, ಅಂದರೆ ಶಿವಾಜಿನಗರದಿಂದ ಹೆಚ್ಚು ದೂರವಲ್ಲದ ಕಡೆ, ಇಂದಿಗೂ ನಿಂತಿದೆ. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ ರಚಿಸಿದ 61ನೇ ಕ್ಯಾವಲ್ರಿಯಲ್ಲಿ ಈ ಪಡೆಯ ಪರಂಪರೆ ಮುಂದುವರಿದಿದೆ.

ಹೈಫಾದ ಹೆಸರಿನಲ್ಲಿ ಎಲ್ಲೆಡೆ ಹರಿದಾಡುವ, ಮಗ್‌ಗಳ ಮೇಲೂ ಕಾಣಿಸುವ ಛಾಯಾಚಿತ್ರವು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹಕ್ಕೆ ಸೇರಿದ್ದು, ಈಟಿ ಹಿಡಿದ ಭಾರತೀಯ ಸವಾರರು ಹೈಫಾದ ಬೀದಿಯಲ್ಲಿ ಸಾಲಾಗಿ ಸಾಗುತ್ತಿರುವುದನ್ನು ತೋರಿಸುತ್ತದೆ. ಇದು ದಾಳಿಯ ಚಿತ್ರವಲ್ಲ. ಊರು ವಶವಾದ ಮೇಲಿನ ಪಥಸಂಚಲನದ ಚಿತ್ರ. ಕುದುರೆಗಳು ಓಡುತ್ತಿಲ್ಲ, ಈಟಿಗಳು ಮುಂದಕ್ಕೆ ಚಾಚಿಲ್ಲ ಎಂಬುದು ಗಮನವಿಟ್ಟು ನೋಡಿದ ಯಾರಿಗೂ ಕಾಣುವ ಸಂಗತಿ. ಆದರೂ ಕೃಷ್ಣರಾಜಪುರದ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಈ ಪತ್ರದ ಲೇಖಕರು ಕಂಡ ಮಗ್‌ನ ಮೇಲೆ ಅದೇ ಚಿತ್ರಕ್ಕೆ ಮೈಸೂರಿನ ಸವಾರರ ದಾಳಿ ಎಂಬ ದಪ್ಪಕ್ಷರದ ಶೀರ್ಷಿಕೆ ಇತ್ತು; ಅದೇ ಚಿತ್ರವನ್ನು ಇತರೆಡೆ ಜೋಧಪುರದ ಪಡೆಯೆಂದು ಹೆಸರಿಸಿರುವುದೂ ಉಂಟು. ಮೈಸೂರಿನವರು ಹೈಫಾದಲ್ಲಿ ಹೋರಾಡಿದ್ದು ನಿಜವಾಗಿರುವಾಗ ಚಿತ್ರವೊಂದನ್ನು ಬಲವಂತವಾಗಿ ಅವರದ್ದೆಂದು ಮಾಡಬೇಕಾದ ಅಗತ್ಯವೇನೂ ಇಲ್ಲ. ಅಂಥ ಹೆಸರಿನಿಂದ ಗೌರವ ಹೆಚ್ಚುವ ಬದಲು, ತಪ್ಪು ಹೊರಬಿದ್ದ ದಿನ ನಿಜವಾದ ಸಾಹಸದ ಮೇಲೂ ಸಂಶಯ ಬೀಳುತ್ತದೆ. ಮುಂದಿನ ಆಸ್ಟ್ರೇಲಿಯದ ಪ್ರಸಂಗ ಇದಕ್ಕೆ ಎಚ್ಚರಿಕೆಯಂತಿದೆ: ಆ ದೇಶದ ಸವಾರರ 1917ರ ಅಕ್ಟೋಬರ್ 31ರ ಬೀರ್‌ಶೆಬಾ ದಾಳಿಯದೆಂದು ಪ್ರಸಿದ್ಧವಾದ ಛಾಯಾಚಿತ್ರವು ಆ ದಿನದ್ದೋ, ಅನಂತರ ಕ್ಯಾಮೆರಾಗಾಗಿ ಮತ್ತೆ ನಡೆಸಿದ ಓಟದ್ದೋ ಎಂಬ ವಾದವು ಅಲ್ಲಿನ ಇತಿಹಾಸಕಾರರಲ್ಲಿ ದಶಕಗಳ ಕಾಲ ನಡೆದಿದೆ.

ತಮ್ಮಲ್ಲಿ ಹೆಚ್ಚು ಬೇಡಿಕೆ ಇರುವುದು ಪ್ರಾಯಶಃ 1971ರ ಡಿಸೆಂಬರ್ 16ರ ಢಾಕಾ ಚಿತ್ರಕ್ಕೆ. ರಮ್ನಾ ರೇಸ್‌ಕೋರ್ಸ್ ಮೈದಾನದಲ್ಲಿ ಮೇಜಿನ ಮುಂದೆ ಕುಳಿತು ಪಾಕಿಸ್ತಾನದ ಲೆಫ್ಟಿನೆಂಟ್ ಜನರಲ್ ಎ.ಎ.ಕೆ. ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುತ್ತಿರುವುದು, ಪಕ್ಕದಲ್ಲಿ ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ ಕುಳಿತಿರುವುದು ಎಲ್ಲರಿಗೂ ಪರಿಚಿತ. ಹಿಂದೆ ನಿಂತವರು ಮಾತ್ರ ಅಷ್ಟು ಪರಿಚಿತರಲ್ಲ: ನೌಕಾಪಡೆಯ ವೈಸ್ ಅಡ್ಮಿರಲ್ ಎನ್. ಕೃಷ್ಣನ್, ವಾಯುಪಡೆಯ ಏರ್ ಮಾರ್ಷಲ್ ಎಚ್.ಸಿ. ದಿವಾನ್, ಮೇಘನಾ ನದಿ ದಾಟಿ ಢಾಕಾದತ್ತ ಸೈನ್ಯ ನಡೆಸಿದ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್, ಶರಣಾಗತಿಯ ಮಾತುಕತೆ ನಡೆಸಿದ ಮೇಜರ್ ಜನರಲ್ ಜೆ.ಎಫ್.ಆರ್. ಜೇಕಬ್, ಬಾಂಗ್ಲಾದೇಶದ ಪಡೆಗಳ ಪರವಾಗಿ ಎ.ಕೆ. ಖಂದಕರ್ ಅವರೂ ಆ ಸಮಾರಂಭದಲ್ಲಿದ್ದರು. ಸುಮಾರು 93,000 ಮಂದಿ ಸೆರೆಯಾದ ಆ ಯುದ್ಧವು ಮೂರು ಪಡೆಗಳ ಕೂಡುಕೆಲಸವಾಗಿತ್ತು ಎಂಬುದಕ್ಕೆ ನಿಂತವರ ಸಾಲೇ ಸಾಕ್ಷಿ. 9 ಸೆಂಟಿಮೀಟರ್ ಎತ್ತರದ ಪಟ್ಟಿಗೆ ಈ ಚಿತ್ರವನ್ನು ಹಿಗ್ಗಿಸಿ ಕೂರಿಸುವಾಗ ಮೊದಲು ಕತ್ತರಿಗೆ ಬೀಳುವುದು ಮೇಲಿನ ಭಾಗ; ಕುಳಿತ ಇಬ್ಬರು ಉಳಿದು, ನಿಂತವರು ಎದೆಯವರೆಗೆ ಮಾತ್ರ ಕಾಣುತ್ತಾರೆ. ಕೆಲಸಗಾರನಿಗೆ ಇದು ಅಂಚು ಸರಿಪಡಿಸುವ ಒಂದು ಗುಂಡಿಯ ಒತ್ತು. ನೌಕಾಪಡೆಯೂ ವಾಯುಪಡೆಯೂ ಮಾಯವಾಗುವುದು ಆ ಒಂದು ಒತ್ತಿನಿಂದ. ಚಿತ್ರವನ್ನು ಚಿಕ್ಕದಾಗಿಸಿ, ಎರಡೂ ಬದಿ ಖಾಲಿ ಬಿಟ್ಟು, ಪೂರ್ಣವಾಗಿ ಮುದ್ರಿಸುವುದು ಸಾಧ್ಯವಿದೆ, ಮತ್ತು ಆ ಖಾಲಿ ಜಾಗದಲ್ಲಿ ಹೆಸರುಗಳಿಗೆ ಬೇಕಾದಷ್ಟು ಎಡೆ ದೊರೆಯುತ್ತದೆ.

ಹೆಸರುಗಳ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಅಮೆರಿಕದ ಅನುಭವ ಪಾಠವಾಗಿದೆ. 1945ರ ಫೆಬ್ರವರಿ 23ರಂದು ಇವೊ ಜಿಮಾ ದ್ವೀಪದ ಸುರಿಬಾಚಿ ಗುಡ್ಡದ ಮೇಲೆ ಆರು ಸೈನಿಕರು ಧ್ವಜ ನಿಲ್ಲಿಸುತ್ತಿರುವಂತೆ ಜೋ ರೋಸೆಂಥಾಲ್ ತೆಗೆದ ಚಿತ್ರವು ಅಂಚೆಚೀಟಿ, ಕಂಚಿನ ಸ್ಮಾರಕ, ಮಗ್ ಎಲ್ಲದರ ಮೇಲೂ ಬಂದಿದೆ. ಅದು ಆ ದಿನ ಏರಿಸಿದ ಎರಡನೆಯ ಧ್ವಜವೆಂಬುದನ್ನು ಹೇಳುವವರು ಕಡಿಮೆ. ಆ ಆರು ಮಂದಿಯ ಗುರುತನ್ನು 1947ರಲ್ಲಿ ಒಮ್ಮೆ, 2016ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ತಿದ್ದಬೇಕಾಯಿತು. ಅಷ್ಟು ಪ್ರಸಿದ್ಧ ಚಿತ್ರದಲ್ಲಿಯೇ 74 ವರ್ಷಗಳ ಕಾಲ ಒಬ್ಬನ ಹೆಸರು ತಪ್ಪಾಗಿ ಉಳಿದಿತ್ತೆಂದರೆ, ಗಿರಾಕಿ ತಂದ ಮೊಬೈಲಿನ ಚಿತ್ರದ ಮೇಲಿನ ಹೆಸರನ್ನು ಹಾಗೆಯೇ ನಂಬಿ ಮುದ್ರಿಸುವುದು ಎಷ್ಟು ದುಡುಕಿನ ಕೆಲಸವೆಂಬುದು ತಾನಾಗಿಯೇ ತಿಳಿಯುತ್ತದೆ. ತಿಳಿಯದ ಹೆಸರನ್ನು ಬಿಟ್ಟು, ತಿಳಿದಿರುವ ಊರು ಮತ್ತು ವರ್ಷವನ್ನು ಮಾತ್ರ ಹಾಕುವುದು ಅಂಥ ಕಡೆ ಸರಿಯಾದ ದಾರಿ.

ಯುದ್ಧದ ಚಿತ್ರಕ್ಕೆ ಬರಹವನ್ನು ಜೊತೆಗೂಡಿಸುವುದು ಈ ನಾಡಿಗೆ ಹೊರಗಿನಿಂದ ಬಂದ ಅಭ್ಯಾಸವೇನಲ್ಲ. ವೀರಗಲ್ಲು, ಅಂದರೆ ಹೋರಾಟದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಶಿಲ್ಪವಿರುವ ಕಲ್ಲು, ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಹೇರಳವಾಗಿ ದೊರೆತಿದೆ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ಇಡೀ ಕಾಳಗವೇ ಕೆತ್ತಲ್ಪಟ್ಟಿದ್ದು, ತುಂಬೆಪಾಡಿಯಲ್ಲಿ ಸತ್ತ ನಾಗತ್ತರನ ಹೆಸರು, ಅವನನ್ನು ಕಳುಹಿಸಿದ ಗಂಗರ ಅರಸ ಎರೆಯಪ್ಪನ ಹೆಸರು, ಯುದ್ಧದ ಸಂದರ್ಭ ಎಲ್ಲವೂ ಬರಹದಲ್ಲಿವೆ. ಬೇಗೂರಿನ ನಾಗೇಶ್ವರ ದೇವಾಲಯದ ಇನ್ನೊಂದು ಕಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುವ ಮೂಲಕ ಈ ನಗರದ ಹೆಸರಿಗೆ ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಆಧಾರ ಒದಗಿಸಿತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಹೊರಬಿದ್ದ, ಕ್ರಿ.ಶ. 750ರ ಸುಮಾರಿನ ಕಲ್ಲು ಕಿತ್ತಯ್ಯ ಎಂಬವನದೆಂದು ಇಂದು ಹೇಳಲು ಸಾಧ್ಯವಾಗಿರುವುದು ಅದರ ಮೇಲಿನ ಬರಹದ ಬಲದಿಂದ. ಬರಹವಿಲ್ಲದ ವೀರಗಲ್ಲುಗಳೂ ಸಾಕಷ್ಟಿವೆ. ಅವುಗಳಲ್ಲಿ ಹಲವಕ್ಕೆ ಕುಂಕುಮ ಹಚ್ಚಿ ಪೂಜಿಸುತ್ತಾರೆ, ಕೆಲವನ್ನು ಬಟ್ಟೆ ಒಗೆಯಲು ಬಳಸುತ್ತಾರೆ, ಯಾರ ಕಲ್ಲೆಂದು ಕೇಳಿದರೆ ಹೇಳುವವರಿಲ್ಲ. ಮಗ್ ಮಾಡುವ ಪಿಂಗಾಣಿಯಂಥ ಸುಟ್ಟ ಮಣ್ಣೂ ಕಲ್ಲಿನಂತೆಯೇ ಬಹುಕಾಲ ಬಾಳುತ್ತದೆ. ಪುರಾತತ್ತ್ವಜ್ಞರು ಹಳೆಯ ನೆಲೆಗಳ ಕಾಲವನ್ನು ಗುರುತಿಸುವುದು ಬಹುಮಟ್ಟಿಗೆ ಮಡಕೆಯ ಚೂರುಗಳಿಂದ. ತಾವು ಮಾರಿದ ಮಗ್‌ನ ಚಿತ್ರ, ಅದರಲ್ಲೂ ಡೆಕಾಲ್ ವಿಧಾನದ್ದು, ಕೊಟ್ಟವರನ್ನೂ ಪಡೆದವರನ್ನೂ ಮೀರಿ ಉಳಿಯಬಹುದು.

ಎಡಬಲದ ತಿರುವಿಗೆ ಈಗ ಬರಬಹುದು. ಕಾಗದದ ಮೇಲೆ ಚಿತ್ರವನ್ನು ತಿರುಗಿಸುವುದು ಮರೆತರೆ ಮಗ್‌ನ ಮೇಲೆ ಅದು ಕನ್ನಡಿಯ ಬಿಂಬವಾಗುತ್ತದೆ. ಅಕ್ಷರವಿರುವ ಚಿತ್ರದಲ್ಲಿ ತಪ್ಪು ಕೂಡಲೇ ಕಾಣುತ್ತದೆ. ಅಕ್ಷರವಿಲ್ಲದ ಯುದ್ಧಚಿತ್ರದಲ್ಲಿ ಯಾರೂ ಗಮನಿಸದೆ ಮಗ್ ಗಿರಾಕಿಯ ಕೈ ಸೇರುತ್ತದೆ, ಎಡ ಎದೆಯ ಮೇಲಿರಬೇಕಾದ ಪದಕಗಳು ಬಲಕ್ಕೆ ಬರುತ್ತವೆ, ಬಂದೂಕು ಎಡಗೈಗೆ ಹೋಗುತ್ತದೆ. ವಿವರಣೆಯ ಸಾಲನ್ನು ಅದೇ ಕಾಗದದಲ್ಲಿ ಸೇರಿಸಿದರೆ ಈ ತಪ್ಪೂ ತಡೆಯಾಗುತ್ತದೆಂಬುದು ತಮ್ಮ ಕೆಲಸಕ್ಕೆ ಒದಗುವ ಲಾಭ. ಕಪ್ಪು ಬಿಳುಪಿನ ಚಿತ್ರಗಳಿಗೆ ತಂತ್ರಾಂಶದಿಂದ ಬಣ್ಣ ತುಂಬುವ ರೂಢಿಯೂ ಈಚೆಗೆ ಬೆಳೆದಿದೆ. ಆ ಬಣ್ಣಗಳು ಯಂತ್ರದ ಊಹೆಯಾದ್ದರಿಂದ ಪೇಟದ ಬಣ್ಣವೂ ಪಟ್ಟಿಯ ಬಣ್ಣವೂ ತಪ್ಪಾಗಿ, ಒಂದು ರೆಜಿಮೆಂಟು ಇನ್ನೊಂದಾಗಿಬಿಡುತ್ತದೆ. ಬಣ್ಣ ತುಂಬಲೇಬೇಕೆಂದು ಗಿರಾಕಿ ಹಟ ಹಿಡಿದರೆ, ಬಣ್ಣವು ಅನಂತರ ಸೇರಿಸಿದ್ದು ಎಂಬ ಮೂರು ಪದಗಳಾದರೂ ಇರಲಿ. ಇನ್ನು ಸತ್ತ ಸೈನಿಕನ ಬಾಯಿಗೆ ಘೋಷಣೆಯೊಂದನ್ನು ತುರುಕುವುದು, ಕಂದಕದಲ್ಲಿ ಕುಳಿತವರ ಚಿತ್ರದ ಕೆಳಗೆ ಸೋಮವಾರದ ಬೆಳಗಿನ ಕುರಿತ ತಮಾಷೆ ಬರೆಯುವುದು ಸಭ್ಯತೆಯ ಮೇರೆ ಮೀರಿದ ಕೆಲಸ. ಅದಕ್ಕೆ ಹೆಚ್ಚಿನ ವಾದ ಬೇಕಿಲ್ಲ.

ಕೆಲವು ಚಿತ್ರಗಳನ್ನು ಮಾತ್ರ ವಿವರಣೆಯಿದ್ದರೂ ಮುದ್ರಿಸಬಾರದೆಂದು ತಮ್ಮಲ್ಲಿ ವಿನಂತಿ. ಮಡಿದವರ ದೇಹಗಳು, ಗಾಯಗೊಂಡವರ ಮುಖಗಳು, ತಲೆ ತಗ್ಗಿಸಿ ಕುಳಿತ ಸೆರೆಯಾಳುಗಳು ಇರುವ ಚಿತ್ರಗಳು ಈ ಗುಂಪಿಗೆ ಸೇರುತ್ತವೆ. ಯುದ್ಧಕೈದಿಗಳನ್ನು ಅವಮಾನದಿಂದಲೂ ಸಾರ್ವಜನಿಕರ ಕುತೂಹಲದಿಂದಲೂ ರಕ್ಷಿಸಬೇಕೆಂದು 1949ರ ಮೂರನೆಯ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುತ್ತದೆ. ಆ ವಿಧಿ ಬಂಧಿಸುವುದು ಸರ್ಕಾರಗಳನ್ನು, ಅಂಗಡಿಗಳನ್ನಲ್ಲ. ಆದರೂ ಅದರ ಹಿಂದಿನ ವಿವೇಕ ಎಲ್ಲರಿಗೂ ಸಲ್ಲುವಂಥದು. ಯುದ್ಧಕೈದಿಗಳು ನಮಗೆ ಅಪರಿಚಿತರೂ ಅಲ್ಲ: ಎರಡನೆಯ ಮಹಾಯುದ್ಧದಲ್ಲಿ ಜಾಲಹಳ್ಳಿಯ ಶಿಬಿರಗಳಲ್ಲಿ ಇಟಲಿಯ ಸಾವಿರಾರು ಸೈನಿಕರನ್ನು ಸೆರೆಯಿಟ್ಟಿದ್ದ ನಗರ ಇದು. ಢಾಕಾದ ಶರಣಾಗತಿಯ ಚಿತ್ರವು ಸರ್ಕಾರಗಳ ನಡುವಿನ ಔಪಚಾರಿಕ ಕ್ರಿಯೆಯ ದಾಖಲೆಯಾದ್ದರಿಂದ ಅದನ್ನು ಈ ಗುಂಪಿಗೆ ಸೇರಿಸಬೇಕಾಗಿಲ್ಲ.

ತಮ್ಮ ಕಡೆಯಿಂದ ಬರಬಹುದಾದ ಆಕ್ಷೇಪಗಳು ನ್ಯಾಯವಾದವೇ. ಗಿರಾಕಿ ಕಾಯುತ್ತಿರುತ್ತಾನೆ, ಒಂದು ಮಗ್‌ನಲ್ಲಿ ಉಳಿಯುವ ಲಾಭ ಚಿಕ್ಕದು, ಇತಿಹಾಸ ಹುಡುಕುವುದು ಮುದ್ರಕನ ಕೆಲಸವಲ್ಲ. ಆದರೆ ಹುಡುಕಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಆರ್ಡರ್ ಬರೆದುಕೊಳ್ಳುವ ಚೀಟಿಯಲ್ಲಿ ಚಿತ್ರದ ಊರು, ವರ್ಷ, ಮೂಲ ಎಂಬ ಮೂರು ಖಾನೆಗಳಿದ್ದರೆ, ತುಂಬಿಕೊಡುವ ಹೊಣೆ ಗಿರಾಕಿಯದಾಗುತ್ತದೆ. ಜಾಗದ ಕೊರತೆಯೂ ನಿಜವಾದ ಅಡ್ಡಿಯಲ್ಲ, ಏಕೆಂದರೆ ಪಟ್ಟಿಯ ಕೆಳಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಬಿಟ್ಟರೆ ಹೀಗೊಂದು ಸಾಲು ಹಿಡಿಯುತ್ತದೆ: ಹೈಫಾ, ಸೆಪ್ಟೆಂಬರ್ 1918, ಊರು ವಶವಾದ ನಂತರ ಭಾರತೀಯ ಸವಾರರ ಸಂಚಲನ, ಚಿತ್ರ, ಇಂಪೀರಿಯಲ್ ವಾರ್ ಮ್ಯೂಸಿಯಂ. ಮೂಲವನ್ನು ಕೇಳಿ ಬರೆದಿಡುವುದರಿಂದ ಕೃತಿಸ್ವಾಮ್ಯದ ತೊಡಕಿನಿಂದಲೂ ತಾವು ದೂರವಿರುತ್ತೀರಿ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸರ್ಕಾರದ ಕೃತಿಗೆ, ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳ ರಕ್ಷಣೆಯಿದೆ. 2012ರ ತಿದ್ದುಪಡಿಯ ನಂತರ ಖಾಸಗಿ ಛಾಯಾಚಿತ್ರಕ್ಕೆ ಛಾಯಾಗ್ರಾಹಕನ ಜೀವಿತಕಾಲ ಮತ್ತು ಆಮೇಲೆ 60 ವರ್ಷ. ಹಳೆಯದೆಂಬ ಮಾತ್ರಕ್ಕೆ ಎಲ್ಲ ಚಿತ್ರವೂ ಎಲ್ಲರದಾಗುವುದಿಲ್ಲ.

ಈ ಪ್ರದೇಶದ ಮನೆಗಳಲ್ಲಿಯೇ ಉಳಿದಿರುವ ಚಿತ್ರಗಳ ವಿಷಯ ಇನ್ನೂ ಮುಖ್ಯವಾದುದು. 1809ರಲ್ಲಿ ಬೆಂಗಳೂರು ದಂಡು ನೆಲೆಗೊಂಡಂದಿನಿಂದ ಹಲಸೂರಿನ ಸುತ್ತಲಿನ ಕುಟುಂಬಗಳು ಸೈನ್ಯದೊಂದಿಗೆ ಬೆಳೆದಿವೆ. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, ಜನರ ಬಾಯಲ್ಲಿ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಸೇವೆ ಸಲ್ಲಿಸಿದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಇಲ್ಲಿದ್ದಾರೆ. ಕೃಷ್ಣರಾಜಪುರಕ್ಕೆ ದೂರವಲ್ಲದ ವಿಮಾನಪುರದಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಸೇರಿ 1940ರ ಡಿಸೆಂಬರ್‌ನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೈನ್ಯದ ವಾಯುಪಡೆಯ 84ನೇ ಏರ್ ಡಿಪೋ ಆಗಿ, ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಗಿ ಕೆಲಸ ಮಾಡಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳು ಆ ಕಾಲದಲ್ಲಿ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವೆಂದರೆ, ಇಂದು ಅದರ ನೊರೆಯನ್ನು ಮಾತ್ರ ಬಲ್ಲವರಿಗೆ ನಂಬುವುದು ಕಷ್ಟ. ಆ ಕಾರ್ಖಾನೆಯಲ್ಲಿ ದುಡಿದ ಸ್ಥಳೀಯ ಕೆಲಸಗಾರರ ಗುಂಪುಚಿತ್ರವೊಂದು ಯಾವುದಾದರೂ ಮನೆಯಿಂದ ತಮ್ಮ ಅಂಗಡಿಗೆ ಬಂದಲ್ಲಿ ಅದು ಅಪರೂಪದ ದಾಖಲೆಯೆಂದು ತಿಳಿಯಬೇಕು. ಅಂಥ ಚಿತ್ರವನ್ನು ಮೊಬೈಲಿನಲ್ಲಿ ಸೆರೆಹಿಡಿಯುವ ಬದಲು ಸ್ಕ್ಯಾನ್ ಮಾಡಬೇಕು, ಮುಂಬದಿಯೊಂದಿಗೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಎರಡೂ ಪ್ರತಿಗಳನ್ನು ಗಿರಾಕಿಗೆ ಕೊಡಬೇಕು, ಮೂಲವನ್ನು ಟೇಪು ಅಂಟಿಸದೆ, ಶಾಖದ ಯಂತ್ರದ ಹತ್ತಿರ ಇಡದೆ ಹಿಂದಿರುಗಿಸಬೇಕು. ಹಿಂಬದಿಯ ಬರಹ ತಮಿಳಿನಲ್ಲಿಯೋ ಉರ್ದುವಿನಲ್ಲಿಯೋ ತೆಲುಗಿನಲ್ಲಿಯೋ ಇದ್ದರೆ ಮಗ್‌ನ ಸಾಲೂ ಆ ಭಾಷೆಯಲ್ಲಿಯೇ ಬರಲಿ, ಜೊತೆಗೆ ಕನ್ನಡವೂ ಇರಲಿ.

ಮಗ್‌ನಂಥ ದಿನಬಳಕೆಯ ವಸ್ತುವಿನ ಮೇಲೆ ಯುದ್ಧದ ನೆನಪು ಸಲ್ಲದೆಂದು ವಾದಿಸುವವರಿದ್ದಾರೆ. ಆ ವಾದವನ್ನು ಈ ಪತ್ರ ಒಪ್ಪುವುದಿಲ್ಲ. ಬ್ರಿಗೇಡ್ ರಸ್ತೆಯ ತುದಿಯಲ್ಲಿರುವ ಸ್ಯಾಪರ್‌ಗಳ ಮತ್ತು ಪಯನೀರ್‌ಗಳ ಸ್ಮಾರಕದ ಪಕ್ಕದಲ್ಲಿ ದಿನವೂ ಸಾವಿರಾರು ಮಂದಿ ನಡೆದುಹೋಗುತ್ತಾರೆ, ನಿಂತು ಓದುವವರು ವಿರಳ. ಕೈಯಲ್ಲಿ ಹಿಡಿದ ಮಗ್‌ನ ಸಾಲನ್ನಾದರೋ ಚಹಾ ಮುಗಿಯುವಷ್ಟರಲ್ಲಿ ಯಾರಾದರೂ ಓದಿಯೇ ಓದುತ್ತಾರೆ. ಆದ್ದರಿಂದ ಬರುವ ಡಿಸೆಂಬರ್ 16ರ ಆರ್ಡರ್‌ಗಳಿಂದಲೇ ಈ ಕ್ರಮವನ್ನು ಆರಂಭಿಸಬೇಕೆಂದೂ, ಚೀಟಿಯ ಮೂರು ಖಾನೆಗಳನ್ನು ಅದಕ್ಕೆ ಮೊದಲೇ ಅಚ್ಚು ಹಾಕಿಸಬೇಕೆಂದೂ, ಮೂಲ ಹೇಳಲಾಗದ ಚಿತ್ರಕ್ಕೆ ಮೂಲ ತಿಳಿದಿಲ್ಲ ಎಂದೇ ಬರೆಯಲು ಸಂಕೋಚಪಡಬಾರದೆಂದೂ ತಮ್ಮೆಲ್ಲರಲ್ಲಿ ಗೌರವಪೂರ್ವಕವಾಗಿ ಕೋರಲಾಗಿದೆ.



ಕೃಷ್ಣರಾಜಪುರದ ನಿವಾಸಿಯೊಬ್ಬರು